ಕಾಲುವೆಯ ಕೊನೆಯಿಂದ ವಾಗೆನಿಂಗೆನ್‌ವರೆಗೆ: ವಿದೇಶದಲ್ಲಿ ಕಳೆದ ಒಂದು ಸೆಮಿಸ್ಟರಿನ ಪ್ರಕರಣ ಅಧ್ಯಯನ

ಈ ಪ್ರಕರಣ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ರೈತ ಕುಟುಂಬವೊಂದರ ಹುಡುಗಿಯದು. ಮಣ್ಣು ಮತ್ತು ನೀರು ಎಂಜಿನಿಯರಿಂಗ್ ವಿಷಯದಲ್ಲಿ ಎಂ.ಟೆಕ್. ಓದುತ್ತಿದ್ದಾಗ ಆಕೆ ವಿದ್ಯಾರ್ಥಿ ವಿನಿಮಯದ ಅವಕಾಶ ಪಡೆದು, 2024ರ ಸೆಪ್ಟೆಂಬರ್‌ನಿಂದ 2025ರ ಜನವರಿಯವರೆಗಿನ ಸೆಮಿಸ್ಟರನ್ನು ನೆದರ್ಲೆಂಡ್ಸ್ ದೇಶದ ವಾಗೆನಿಂಗೆನ್ ವಿಶ್ವವಿದ್ಯಾಲಯದಲ್ಲಿ ಕಳೆದಳು. ಇಲ್ಲಿ ಆಕೆಯ ಪ್ರಬಂಧಕ್ಕೆ ಮಾರ್ಗದರ್ಶನ ಮಾಡಿದವರಲ್ಲಿ ನಾನೂ ಒಬ್ಬ. ಹೊರಡುವ ಮೊದಲಿನ ತಿಂಗಳುಗಳನ್ನು, ಅಲ್ಲಿಂದ ಆಕೆ ಬರೆಯುತ್ತಿದ್ದ ಪತ್ರಗಳನ್ನು ಮತ್ತು ಮರಳಿದ ಮೇಲಿನ ಒಂದು ವರ್ಷವನ್ನು ಹತ್ತಿರದಿಂದ ನೋಡಿದ್ದರಿಂದ, ಆಕೆಯ ಒಪ್ಪಿಗೆ ಪಡೆದು, ಹೆಸರು ಮತ್ತು ಊರನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ವಿದೇಶದಲ್ಲಿ ಒಂದು ಸೆಮಿಸ್ಟರ್ ಓದಿ ಬಂದವರ ಬಗ್ಗೆ ನಮ್ಮಲ್ಲಿ ಆಡುವ ಮಾತುಗಳು ಹೆಚ್ಚಾಗಿ ಆತ್ಮವಿಶ್ವಾಸ, ಇಂಗ್ಲಿಷ್, ಮುಂದಿನ ಉದ್ಯೋಗ ಇವುಗಳ ಸುತ್ತಲೇ ಇರುತ್ತವೆ. ಆಕೆಗೆ ಅವೂ ಸ್ವಲ್ಪ ಮಟ್ಟಿಗೆ ದೊರೆತವು. ಆದರೆ ಆಕೆ ನಿಜವಾಗಿ ಕಲಿತದ್ದು ತನ್ನ ತಂದೆಯ ಹೊಲಕ್ಕೆ ನೀರು ಏಕೆ ಬರುವುದಿಲ್ಲ ಎಂಬ ಪ್ರಶ್ನೆಯನ್ನು ಯಾರಿಗೆ, ಎಲ್ಲಿ, ಹೇಗೆ ಕೇಳಬೇಕು ಎಂಬುದನ್ನು. ಅದನ್ನೇ ಇಲ್ಲಿ ವಿವರವಾಗಿ ದಾಖಲಿಸುವುದು ನನ್ನ ಉದ್ದೇಶ.

ಹಿನ್ನೆಲೆ

ಆಕೆಯ ಊರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿದೆ. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡಾಗ ಈ ಕಾಲುವೆಯನ್ನು ರೂಪಿಸಿದ್ದು ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗಳನ್ನು ಬರದಿಂದ ಕಾಪಾಡುವುದಕ್ಕಾಗಿ, ಹೆಚ್ಚು ವಿಸ್ತಾರಕ್ಕೆ ತೆಳುವಾಗಿ ನೀರು ಹಂಚುವ ಲೆಕ್ಕದಲ್ಲಿ. ಮುನಿರಾಬಾದಿನಿಂದ ಹೊರಟು ಕೊಪ್ಪಳ ಜಿಲ್ಲೆಯನ್ನು ದಾಟಿ, ಸಿಂಧನೂರು, ಮಾನ್ವಿಗಳ ಮೂಲಕ ರಾಯಚೂರಿನತ್ತ ಸಾಗುವ 227 ಕಿಲೋಮೀಟರ್ ಉದ್ದದ ಕಾಲುವೆಯ ಮೇಲ್ಭಾಗದಲ್ಲಿ ಕಾಲಕ್ರಮೇಣ ಭತ್ತ ಹರಡಿತು. ಗಂಗಾವತಿ, ಸಿಂಧನೂರು ಸುತ್ತಲಿನ, ವಲಸೆ ಬಂದ ರೈತರ ಕ್ಯಾಂಪುಗಳು, ಅಕ್ಕಿ ಗಿರಣಿಗಳು, ಅದರ ಮೇಲೆ ನಿಂತ ಇಡೀ ವ್ಯಾಪಾರ ಈ ಬದಲಾವಣೆಯ ಫಲ. ಇತ್ತ ಜಲಾಶಯದಲ್ಲಿ ಹೂಳು ತುಂಬಿ, ಮೂಲದಲ್ಲಿ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಇದ್ದ ಸಂಗ್ರಹ ಸಾಮರ್ಥ್ಯ 105.788 ಟಿಎಂಸಿಗೆ ಇಳಿಯಿತು. ಮೇಲೆ ಭತ್ತದ ಗದ್ದೆಗಳಲ್ಲಿ ನೀರು ಕಟ್ಟಿ ನಿಲ್ಲಿಸಿಕೊಂಡರೆ ಕೆಳಗೆ ಹತ್ತಿಗೂ ಮೆಣಸಿನಕಾಯಿಗೂ ನೀರು ಸಾಲುವುದಿಲ್ಲ. 69ನೇ ಮೈಲಿನಲ್ಲಿ ಗೇಜ್ (ಕಾಲುವೆಯ ನೀರಿನ ಮಟ್ಟ ತೋರಿಸುವ ಅಳತೆ ಪಟ್ಟಿ) ಎಷ್ಟಿದೆ, 104ನೇ ಮೈಲಿನಲ್ಲಿ ಎಷ್ಟಿದೆ ಎಂಬುದು ನಮ್ಮ ಕಡೆ ಮಳೆಗಾಲದಲ್ಲಿ ಕುಶಲ ವಿಚಾರಿಸಿದಷ್ಟೇ ಸಹಜವಾಗಿ ಕೇಳಿಬರುವ ಪ್ರಶ್ನೆ. ನೀರು ಬಾರದಿದ್ದಾಗ ಕೆಳಭಾಗದ ರೈತರು ರಸ್ತೆ ತಡೆ ನಡೆಸುತ್ತಾರೆ, ಅಧಿಕಾರಿಗಳು ಬಂದು ಭರವಸೆ ಕೊಡುತ್ತಾರೆ, ಕೆಲವು ದಿನ ಗೇಜ್ ಏರುತ್ತದೆ, ಮತ್ತೆ ಇಳಿಯುತ್ತದೆ.

ಈ ಪ್ರಕರಣಕ್ಕೆ ಮುಖ್ಯವಾದ ಇನ್ನೊಂದು ಸಂಗತಿಯೂ ಇದೆ. ವಿದ್ಯಾರ್ಥಿನಿಯ ತಾಯಿಯ ತವರು ಸಿಂಧನೂರು ತಾಲ್ಲೂಕಿನಲ್ಲಿದೆ. ಸೋದರಮಾವ ಇದೇ ಕಾಲುವೆಯ ನೀರಿನಲ್ಲಿ, ನೀರು ಸಿಕ್ಕ ವರ್ಷಗಳಲ್ಲಿ ಎರಡು ಬೆಳೆ ಭತ್ತ ತೆಗೆಯುವ ರೈತ. ಆಕೆಯ ಪದವಿ ಓದಿನ ಖರ್ಚಿಗೆ ಆತ ಕೈಯಾಸರೆಯಾದದ್ದೂ ಉಂಟು. ಒಂದೇ ಕುಟುಂಬ ಹೀಗೆ ಕಾಲುವೆಯ ಎರಡೂ ಕಡೆ ಇರುವುದು ನಮ್ಮ ಜಿಲ್ಲೆಯಲ್ಲಿ ಅಪರೂಪವಲ್ಲ. ಅಂತಹ ಮನೆಗಳಲ್ಲಿ ನೀರಿನ ಮಾತು ಪಂಕ್ತಿಯಲ್ಲಿ ಬರುವುದಿಲ್ಲ. ಬಂದರೆ ಇಲಾಖೆಯನ್ನೋ ಸರ್ಕಾರವನ್ನೋ ಬೈದು ಮುಗಿಸುತ್ತಾರೆ. ಮೇಲ್ಭಾಗ, ಕೆಳಭಾಗ ಎಂಬ ಪದಗಳನ್ನು ತರಗತಿಯಲ್ಲಿ ಧಾರಾಳವಾಗಿ ಬಳಸುತ್ತಿದ್ದ ಆಕೆ, ತನ್ನ ಮಾವನ ಗದ್ದೆಯನ್ನು ಆ ಪದಗಳಿಗೆ ಜೋಡಿಸಿ ಮಾತನಾಡಿದ್ದನ್ನು ನಾನು ಆಗ ಕೇಳಿರಲಿಲ್ಲ.

ಹೊರಡುವ ಸಿದ್ಧತೆ

ವಿನಿಮಯದ ನಿಯಮದಂತೆ ಅಲ್ಲಿನ ಬೋಧನಾ ಶುಲ್ಕ ಕಟ್ಟಬೇಕಾಗಿರಲಿಲ್ಲ. ಇಲ್ಲಿನ ಶುಲ್ಕವನ್ನೇ ಮುಂದುವರಿಸಿದರೆ ಸಾಕಿತ್ತು. ಆದರೆ ತಿಂಗಳಿಗೆ ಸಾವಿರ ಯೂರೋಗೂ ಮೀರಿದ ಜೀವನ ವೆಚ್ಚಕ್ಕೆ ಹಣವಿದೆಯೆಂದು ವಾಸದ ಪರವಾನಗಿಗೆ ಮೊದಲೇ ತೋರಿಸಬೇಕು. ಒಂದು ಭಾಗ ವಿದ್ಯಾರ್ಥಿವೇತನದಿಂದ ಬಂತು, ಒಂದು ಭಾಗ ಬ್ಯಾಂಕಿನ ಸಾಲ, ಉಳಿದದ್ದು ತಾಯಿಯ ಬಂಗಾರದ ಮೇಲೆ ತಂದದ್ದು. ಕಾಗದಪತ್ರಗಳಲ್ಲಿ ಎಲ್ಲಕ್ಕಿಂತ ಕಷ್ಟ ಕೊಟ್ಟಿದ್ದು ಜನನ ಪ್ರಮಾಣಪತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರವಿದ್ದರೆ, ಪಾಸ್‌ಪೋರ್ಟಿನಲ್ಲಿ ಪೂರ್ಣ ಹೆಸರು; ಜನನದ ದಾಖಲೆಯಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ. ಅಲ್ಲಿನ ನಗರಸಭೆಯಲ್ಲಿ ನೋಂದಾಯಿಸಿಕೊಳ್ಳಲು ಅದೇ ದಾಖಲೆ ಅಪೊಸ್ಟಿಲ್ ಮುದ್ರೆಯೊಂದಿಗೆ (ಹೊರದೇಶದಲ್ಲಿ ಮಾನ್ಯವಾಗುವ ಸರ್ಕಾರಿ ದೃಢೀಕರಣ) ಬೇಕು. ಹಳ್ಳಿಗಳಿಂದ ಬರುವ ಮಕ್ಕಳ ಪಾಲಕರಿಗೆ ನಾನು ಹೇಳುವುದಿಷ್ಟೆ: ಹೊರದೇಶದ ಯೋಚನೆ ಇರಲಿ, ಇಲ್ಲದಿರಲಿ, ಈ ಮೂರು ಕಾಗದಗಳಲ್ಲಿ ಹೆಸರು ಒಂದೇ ರೀತಿ ಇರುವಂತೆ ಪಿಯುಸಿ ಮುಗಿಯುವುದರೊಳಗೆ ನೋಡಿಕೊಳ್ಳಿ.

ಹೊರಡುವ ಮುನ್ನ ಒಂದು ಪುಟದ ಟಿಪ್ಪಣಿ ಬರೆದು ಕೊಡಲು ಆಕೆಗೆ ಹೇಳಿದ್ದೆ: ನಿನ್ನ ಊರಿನ ಯಾವ ಪ್ರಶ್ನೆಯನ್ನು ಅಲ್ಲಿಗೆ ಒಯ್ಯುತ್ತೀಯ, ಅದಕ್ಕೆ ಯಾವ ಉತ್ತರ ಸಿಗುವುದೆಂದು ಈಗ ಅನ್ನಿಸುತ್ತದೆ? ಕಾಲುವೆಯ ಕೊನೆಗೆ ನೀರು ತಲುಪದಿರುವುದೇ ಪ್ರಶ್ನೆಯೆಂದು ಆಕೆ ಬರೆದಳು. ಉತ್ತರವಾಗಿ ಸ್ವಯಂಚಾಲಿತ ಗೇಟುಗಳು, ಸೆನ್ಸರ್‌ಗಳು, ಉಪಗ್ರಹ ಚಿತ್ರಗಳಿಂದ ಬೆಳೆ ಗುರುತಿಸುವ ವಿಧಾನ ಇವುಗಳನ್ನು ಪಟ್ಟಿ ಮಾಡಿದಳು. ಆ ಟಿಪ್ಪಣಿ ನನ್ನ ಬಳಿ ಇನ್ನೂ ಇದೆ. ಮುಂದೆ ಆದ ಬದಲಾವಣೆಯನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಅಷ್ಟರಲ್ಲಿ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಕೊಂಡು ಹೋಯಿತು. ತುಂಬಿದ್ದ ಜಲಾಶಯದಿಂದ ನೀರು ನದಿಗೆ ಹರಿದುಹೋಗುತ್ತಿದ್ದ ಆ ದಿನಗಳಲ್ಲಿ ನಮ್ಮ ಭಾಗದ ಯಾವ ಮನೆಯಲ್ಲೂ ಬೇರೆ ಮಾತಿರಲಿಲ್ಲ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ತಡೆಗೇಟು) ಅಳವಡಿಸಿದ ಸುದ್ದಿ ಬಂದು, ನಂತರದ ಮಳೆಗೆ ಜಲಾಶಯ ಮತ್ತೆ ತುಂಬಲಾರಂಭಿಸುವ ಹೊತ್ತಿಗೆ ಆಕೆ ವಿಮಾನ ಹತ್ತಿದ್ದಳು. ಈ ವರ್ಷ ಬೇಡ, ಬೆಳೆ ಏನಾಗುವುದೋ ಗೊತ್ತಿಲ್ಲ ಎಂದು ತಾಯಿ ಹೇಳಿದ್ದರು. ಹೋಗಲಿ ಎಂದವರು ತಂದೆ.

ತರಗತಿಯ ಒಳಗೆ

ಚಳಿ, ಸೈಕಲ್, ಮಧ್ಯಾಹ್ನಕ್ಕೂ ಬ್ರೆಡ್ಡನ್ನೇ ತಿನ್ನುವ ರೂಢಿ, ಹಲವು ದೇಶಗಳ ವಿದ್ಯಾರ್ಥಿಗಳು ಹಂಚಿಕೊಳ್ಳುವ ಅಡುಗೆಮನೆ ಇವುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಎಲ್ಲರೂ ಅದನ್ನು ದಾಟುತ್ತಾರೆ, ಆಕೆಯೂ ದಾಟಿದಳು. ಒಯ್ದಿದ್ದ ಕಟಿ ರೊಟ್ಟಿ ಮತ್ತು ಶೇಂಗಾ ಹಿಂಡಿ ದೀಪಾವಳಿಯವರೆಗೆ ಬಂದವಂತೆ.

ಕಷ್ಟವಾದದ್ದು ಓದಿನ ಕ್ರಮ. ಅಲ್ಲಿ ವರ್ಷವನ್ನು ಆರು ಅವಧಿಗಳಾಗಿ ವಿಂಗಡಿಸಿರುತ್ತಾರೆ. ಎಂಟು ವಾರಗಳ ಒಂದು ಅವಧಿಯಲ್ಲಿ ಸಾಮಾನ್ಯವಾಗಿ ಎರಡೇ ವಿಷಯಗಳು, ಒಂದು ಬೆಳಿಗ್ಗೆ, ಇನ್ನೊಂದು ಮಧ್ಯಾಹ್ನ. ಒಂದು ಕ್ರೆಡಿಟ್ ಎಂದರೆ 28 ತಾಸುಗಳ ಕೆಲಸವೆಂದು ಲೆಕ್ಕ. ಉಪನ್ಯಾಸದ ತಾಸುಗಳು ಅದರಲ್ಲಿ ಒಂದು ಪಾಲು ಮಾತ್ರ, ಉಳಿದದ್ದು ಓದು, ಗುಂಪು ಕೆಲಸ, ವರದಿ. ಸೆಮಿಸ್ಟರಿನ ಕೊನೆಯಲ್ಲಿ ಒಟ್ಟಿಗೆ ಓದಿ ಪರೀಕ್ಷೆ ಬರೆಯುವ ಅಭ್ಯಾಸ ಇಲ್ಲಿ ಆಕೆಯನ್ನು ಎಂದೂ ಕೈಬಿಟ್ಟಿರಲಿಲ್ಲ. ಅಲ್ಲಿ ಎರಡನೇ ವಾರದಲ್ಲೇ ವರದಿ ಸಲ್ಲಿಸಬೇಕಾಯಿತು, ಮತ್ತು ಅದು ಸಹಪಾಠಿಗಳ ಕೈಗೆ ವಿಮರ್ಶೆಗೆ ಹೋಯಿತು.

ಮೊದಲ ವರದಿಯಲ್ಲಿ ಆಕೆ ನೀರಾವರಿ ದಕ್ಷತೆಯ ವ್ಯಾಖ್ಯಾನಗಳನ್ನು, ಸೂತ್ರಗಳನ್ನು, ಹಿಂದಿನ ಸಂಶೋಧಕರ ಫಲಿತಾಂಶಗಳನ್ನು ಅಚ್ಚುಕಟ್ಟಾಗಿ ಜೋಡಿಸಿದ್ದಳು. ನಮ್ಮಲ್ಲಾದರೆ ಉತ್ತಮ ಅಂಕ ಬರುವ ವರದಿ ಅದು. ಅಂಚಿನಲ್ಲಿ ಅಧ್ಯಾಪಕಿ ಬರೆದಿದ್ದ ಪ್ರಶ್ನೆ, ಈ ಮೂವರು ಸಂಶೋಧಕರು ಪರಸ್ಪರ ಒಪ್ಪುತ್ತಿಲ್ಲವಲ್ಲ, ನೀನು ಯಾರನ್ನು ಒಪ್ಪುತ್ತೀಯ, ಏಕೆ ಎಂಬುದಾಗಿತ್ತು. ಅವರು ಒಪ್ಪುತ್ತಿಲ್ಲ ಎಂಬುದನ್ನೇ ತಾನು ಗಮನಿಸಿರಲಿಲ್ಲವೆಂದು ಆಕೆ ನನಗೆ ಬರೆದಳು. ಈ ಒಂದು ವಾಕ್ಯ ನನ್ನನ್ನು ಬಹಳ ದಿನ ಕಾಡಿತು, ಏಕೆಂದರೆ ಅದು ಒಬ್ಬ ವಿದ್ಯಾರ್ಥಿನಿಯ ಕೊರತೆಯಲ್ಲ. ಹತ್ತನೇ ತರಗತಿಯಿಂದ ಸ್ನಾತಕೋತ್ತರದವರೆಗೆ ನಾವು ಮಕ್ಕಳ ಮುಂದೆ ಇಡುವ ಪುಸ್ತಕಗಳಲ್ಲಿ ಇಬ್ಬರು ಲೇಖಕರು ಜಗಳವಾಡುವುದನ್ನು ಅವರು ನೋಡಿಯೇ ಇರುವುದಿಲ್ಲ. ಪುಸ್ತಕವೆಂದರೆ ತೀರ್ಮಾನವಾದ ಸಂಗತಿ ಎಂದು ತಿಳಿದು ಬೆಳೆದವರಿಗೆ, ಅದರಲ್ಲಿ ಇನ್ನೂ ತೀರ್ಮಾನವಾಗದ ಜಾಗವೊಂದನ್ನು ಹುಡುಕಿ ಅಲ್ಲಿ ನಿಲ್ಲು ಎಂದರೆ ಹೇಗಿರಬೇಡ?

ಅಧ್ಯಾಪಕರನ್ನು ಹೆಸರು ಹಿಡಿದು ಕರೆಯುವುದು ಆಕೆಗೆ ಕೊನೆಯವರೆಗೂ ಒಗ್ಗಲಿಲ್ಲ. ಒಗ್ಗಲೇಬೇಕೆಂದೂ ನಾನು ಭಾವಿಸುವುದಿಲ್ಲ. ಸರ್, ಮೇಡಂ ಎನ್ನುತ್ತಲೇ ಪ್ರಶ್ನೆ ಕೇಳಬಹುದು. ಗುಂಪು ಕೆಲಸದಲ್ಲಿ ಮಾತ್ರ ಮೌನ ದುಬಾರಿಯಾಯಿತು. ಐವರ ಗುಂಪಿನಲ್ಲಿ ಆಕೆ ಲೆಕ್ಕಗಳನ್ನೆಲ್ಲ ಮಾಡಿದ್ದರೂ, ಚರ್ಚೆಯಲ್ಲಿ ಮಾತನಾಡದ ಕಾರಣ ಪರಸ್ಪರ ಮೌಲ್ಯಮಾಪನದಲ್ಲಿ ಕಡಿಮೆ ಅಂಕ ಬಂತು. ಅದರ ಬಗ್ಗೆ ಆಕೆ ಅತ್ತಳು, ನಂತರ ಗುಂಪಿನವರೊಂದಿಗೆ ನೇರವಾಗಿ ಮಾತನಾಡಿದಳು. ನೀನು ಒಪ್ಪಿದ್ದೀಯೆಂದೇ ನಾವು ತಿಳಿದಿದ್ದೆವು ಎಂದು ಅವರು ಹೇಳಿದರಂತೆ. ಒಪ್ಪದಿದ್ದಾಗ ಸುಮ್ಮನಿರುವುದು ನಮ್ಮ ಮನೆಗಳಲ್ಲಿ ಸಭ್ಯತೆ. ಅಲ್ಲಿ ಅದು ಒಪ್ಪಿಗೆಯಾಗಿ ದಾಖಲಾಯಿತು.

ನೀರಿನ ಮಂಡಳಿಯ ಸಭೆ

ಇನ್ನು ಪ್ರಕರಣದ ತಿರುಳಿಗೆ ಬರುತ್ತೇನೆ. ನೆದರ್ಲೆಂಡ್ಸ್‌ನ ಸುಮಾರು ಕಾಲು ಭಾಗ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ನಮಗೆ ನೀರು ತರುವ ಚಿಂತೆಯಾದರೆ ಅವರಿಗೆ ನೀರನ್ನು ಹೊರಹಾಕುವ ಚಿಂತೆ. 1953ರ ಜನವರಿ 31ರ ರಾತ್ರಿ ಕಳೆದು ಫೆಬ್ರುವರಿ 1ರ ನಸುಕಿನಲ್ಲಿ ನೈರುತ್ಯ ಭಾಗದ ಕಟ್ಟೆಗಳನ್ನು ಒಡೆದು ಸಮುದ್ರ ಒಳನುಗ್ಗಿ ಆ ದೇಶದಲ್ಲಿ 1,836 ಜನ ಸತ್ತರು. ಅದರ ಬೆನ್ನಿಗೆ ಆರಂಭವಾದ ಡೆಲ್ಟಾ ಕಾಮಗಾರಿಗಳು 1997ರವರೆಗೆ ನಡೆದವು. ನಮ್ಮ ಅಣೆಕಟ್ಟು ಪೂರ್ಣಗೊಂಡ ವರ್ಷವೇ ಅವರ ದುರಂತದ ವರ್ಷ ಎಂಬುದನ್ನು ಆಕೆ ತನ್ನ ತರಗತಿಯ ಪ್ರಸ್ತುತಿಯಲ್ಲಿ ಹೇಳಿದಾಗ, 19ನೇ ಗೇಟಿನ ಘಟನೆ ಇನ್ನೂ ತಿಂಗಳುಗಳಷ್ಟೇ ಹಳೆಯದಾಗಿತ್ತು. ಅಂದು ಮೊದಲ ಬಾರಿಗೆ ಸಹಪಾಠಿಗಳು ಆಕೆಯನ್ನು ಬಿಡದೆ ಪ್ರಶ್ನೆ ಕೇಳಿದರು.

ಆ ದೇಶದಲ್ಲಿ ನೀರನ್ನು ನೋಡಿಕೊಳ್ಳುವುದು ನೀರಿನ ಮಂಡಳಿಗಳು. ಇವುಗಳ ಮೂಲ 13ನೇ ಶತಮಾನಕ್ಕೆ ಹೋಗುತ್ತದೆ. ಕಳೆದ ಶತಮಾನದ ನಡುಭಾಗದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚಿದ್ದ ಮಂಡಳಿಗಳು ವಿಲೀನಗೊಳ್ಳುತ್ತ ಈಗ 21 ಉಳಿದಿವೆ. ನಾಲ್ಕು ವರ್ಷಗಳಿಗೊಮ್ಮೆ ನಿವಾಸಿಗಳು ನೇರವಾಗಿ ಮತ ಹಾಕಿ ಇವುಗಳ ಸದಸ್ಯರನ್ನು ಆರಿಸುತ್ತಾರೆ. ಕೃಷಿ ಭೂಮಿಯವರಿಗೆ ಮತ್ತು ಪ್ರಕೃತಿ ಸಂರಕ್ಷಣೆಯವರಿಗೆ ಕೆಲವು ಸ್ಥಾನಗಳು ಮೀಸಲಿವೆ. ಮಂಡಳಿ ತನ್ನದೇ ತೆರಿಗೆ ವಿಧಿಸಿ ತನ್ನ ಖರ್ಚಿನ ದೊಡ್ಡ ಭಾಗವನ್ನು ಅದರಿಂದಲೇ ತೂಗಿಸುತ್ತದೆ. ಪ್ರತಿ ಪ್ರದೇಶದ ಹಳ್ಳಗಳಲ್ಲಿ ನೀರು ಯಾವ ಋತುವಿನಲ್ಲಿ ಯಾವ ಮಟ್ಟದಲ್ಲಿರಬೇಕು ಎಂಬುದನ್ನು ಮಂಡಳಿ ವಿಧಿವತ್ತಾಗಿ ನಿರ್ಣಯಿಸುತ್ತದೆ. ನಿರ್ಣಯಕ್ಕೆ ಮುಂಚೆ ಕರಡನ್ನು ಪ್ರಕಟಿಸಿ ಆಕ್ಷೇಪ ಕೇಳುತ್ತದೆ. ಮಂಡಳಿಯ ಸಭೆಗೆ ಸಾರ್ವಜನಿಕರು ಹೋಗಿ ಕೂರಬಹುದು.

ದೇಶದ ಪಶ್ಚಿಮದ ಕೊಳೆಮಣ್ಣಿನ (ಪೀಟ್, ಅಂದರೆ ಕೊಳೆತ ಸಸ್ಯಗಳಿಂದಾದ ಮಣ್ಣು) ಪ್ರದೇಶಕ್ಕೆ ಕ್ಷೇತ್ರ ಭೇಟಿಗೆ ಹೋಗಿದ್ದಾಗ ಆಕೆ ಅಂತಹ ಒಂದು ಸಭೆಯಲ್ಲಿ ಕುಳಿತಳು. ಪಕ್ಕದಲ್ಲಿದ್ದ ಡಚ್ ಸಹಪಾಠಿ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು. ಹಾಲಿನ ದನಗಳನ್ನು ಸಾಕುವ ರೈತರಿಗೆ ನೀರಿನ ಮಟ್ಟ ಕೆಳಗಿರಬೇಕು, ಇಲ್ಲವಾದರೆ ಹುಲ್ಲುಗಾವಲಿನಲ್ಲಿ ಟ್ರ್ಯಾಕ್ಟರ್ ಹೂತುಹೋಗುತ್ತದೆ. ಮಟ್ಟ ಇಳಿದರೆ ಕೊಳೆಮಣ್ಣು ಒಣಗಿ ನೆಲ ಕುಸಿಯುತ್ತದೆ, ಹಳೆಯ ಮನೆಗಳ ಬುನಾದಿಯ ಮರದ ಕಂಬಗಳು ಗಾಳಿಗೆ ತೆರೆದುಕೊಂಡು ಕೊಳೆಯುತ್ತವೆ. ಆದ್ದರಿಂದ ಮನೆಯವರಿಗೆ ಮಟ್ಟ ಮೇಲಿರಬೇಕು. ಹಕ್ಕಿಗಳ ಪರವಾಗಿ ಬಂದವರದು ಇನ್ನೊಂದು ವಾದ. ಕೆಲವು ಸೆಂಟಿಮೀಟರುಗಳ ವ್ಯತ್ಯಾಸಕ್ಕಾಗಿ ಸಂಜೆಯಿಡೀ ವಾದ ನಡೆಯಿತು. ಆಕೆಯ ಪತ್ರದ ಸಾರವಿದು: ಅವರೂ ನಮ್ಮಷ್ಟೇ ಕೋಪದಿಂದ ಮಾತನಾಡಿದರು, ಅಕ್ಕಪಕ್ಕದ ಹೊಲದವರೇ ಎದುರುಬದುರಾಗಿ ಕುಳಿತಿದ್ದರು, ಆದರೆ ನೀರು ಈಗ ಎಷ್ಟಿದೆ ಎಂಬ ಬಗ್ಗೆ ಯಾರೂ ಜಗಳವಾಡಲಿಲ್ಲ. ಹಳ್ಳದ ದಂಡೆಯಲ್ಲಿ ನಿಲ್ಲಿಸಿದ ಅಳತೆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದಾಗಿತ್ತು, ಮತ್ತು ಅದನ್ನು ಎಲ್ಲರೂ ನಂಬಿದ್ದರು. ಜಗಳವೆಲ್ಲ ಎಷ್ಟಿರಬೇಕು ಎಂಬುದರ ಮೇಲೆ.

ಸ್ವಯಂಚಾಲಿತ ಗೇಟುಗಳ ಪಟ್ಟಿ ಬರೆದುಕೊಟ್ಟಿದ್ದ ವಿದ್ಯಾರ್ಥಿನಿಯ ಪ್ರಶ್ನೆ ಬದಲಾದದ್ದು ಇಲ್ಲಿ. ಕೊನೆಗೆ ನೀರು ಏಕೆ ತಲುಪುವುದಿಲ್ಲ ಎಂಬುದರ ಜಾಗದಲ್ಲಿ, ಕಾಲುವೆಯಲ್ಲಿ ಎಷ್ಟು ನೀರಿದೆ ಎಂಬ ಒಂದು ಸಂಖ್ಯೆಯನ್ನು ಮೇಲ್ಭಾಗದವರೂ ಕೆಳಭಾಗದವರೂ ಒಟ್ಟಿಗೆ ನಂಬುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಬಂದು ನಿಂತಿತು. ಇದು ಮೊದಲಿನದಕ್ಕಿಂತ ಚಿಕ್ಕ ಪ್ರಶ್ನೆ, ಹಾಗಾಗಿಯೇ ಕೆಲಸಕ್ಕೆ ಬರುವ ಪ್ರಶ್ನೆ.

ಅದೇ ಅವಧಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಜವಳು ಮತ್ತು ಸವಳಿನ, ಅಂದರೆ ನೀರು ನಿಂತು ಮತ್ತು ಉಪ್ಪೇರಿ ಕೆಡುವ ನೆಲದ ಬಗ್ಗೆ ಓದಲು ಗ್ರಂಥಾಲಯದಲ್ಲಿ ಹುಡುಕುತ್ತಿದ್ದಾಗ ಆಕೆಗೆ ಗಂಗಾವತಿಯ ಹೆಸರು ಸಿಕ್ಕಿತು. 1990ರ ದಶಕದ ಉತ್ತರಾರ್ಧದಲ್ಲಿ ಕರ್ನಾಲದ ಕೇಂದ್ರೀಯ ಲವಣ ಮಣ್ಣು ಸಂಶೋಧನಾ ಸಂಸ್ಥೆಯೂ ವಾಗೆನಿಂಗೆನ್‌ನ ಭೂಸುಧಾರಣಾ ಸಂಸ್ಥೆಯೂ ಸೇರಿ ನಡೆಸಿದ ಇಂಡೋ-ಡಚ್ ಯೋಜನೆಯ ಕೇಂದ್ರಗಳಲ್ಲಿ ಗಂಗಾವತಿಯೂ ಒಂದು. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಆಗಿನ್ನೂ ಇರಲಿಲ್ಲ. ಗಂಗಾವತಿಯ ಕೇಂದ್ರ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. ಭತ್ತದ ಗದ್ದೆಗಳಲ್ಲಿ ನಿಂತ ನೀರು ನೆಲದಡಿಯ ಉಪ್ಪನ್ನು ಮೇಲೆ ತಂದಾಗ, ರಂಧ್ರವಿರುವ ಕೊಳವೆಗಳನ್ನು ಮಣ್ಣಿನ ಒಳಗೆ ಹೂತು ಆ ನೀರನ್ನು ಬಸಿದು ಹೊರಹಾಕುವ ಪ್ರಯೋಗಗಳು ಅಲ್ಲಿ ನಡೆದಿದ್ದವು. ತನ್ನ ಊರಿನಿಂದ ಬಸ್ಸಿನಲ್ಲಿ ಕೆಲವೇ ತಾಸುಗಳ ದಾರಿಯಲ್ಲಿರುವ ಈ ಕೆಲಸವನ್ನು ಆಕೆ ಓದಿದ್ದು ರೈನ್ ನದಿಯ ದಂಡೆಯ ಊರಿನಲ್ಲಿ ಕುಳಿತು. ಮಾವನ ಗದ್ದೆಯ ಒಂದು ಮೂಲೆ ಹಲವು ವರ್ಷಗಳಿಂದ ಬೆಳ್ಳಗೆ ಉಪ್ಪೊಡೆದು ಬಿದ್ದಿರುವುದು ಆಗ ನೆನಪಾಯಿತಂತೆ. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿರುವುದೂ ಕೆಳಭಾಗದಲ್ಲಿ ಇಲ್ಲದಿರುವುದೂ ಒಂದೇ ರೋಗದ ಎರಡು ಲಕ್ಷಣಗಳೆಂದು ನಾನು ತರಗತಿಯಲ್ಲಿ ಪಾಠ ಮಾಡುವುದುಂಟು; ಆಕೆಗೆ ಅದು ಮನೆಯ ಸಂಗತಿಯಾಗಿ ಅರ್ಥವಾದದ್ದು ಅಂದು.

ಡಚ್ಚರ ವ್ಯವಸ್ಥೆಯನ್ನು ಆಕೆ ಕುರುಡಾಗಿ ಮೆಚ್ಚಲಿಲ್ಲ ಎಂಬುದನ್ನೂ ಹೇಳಬೇಕು. ಶತಮಾನಗಳ ಕಾಲ ನೀರು ಹೊರಹಾಕುವುದನ್ನೇ ಕಲಿತ ಆ ದೇಶ 2018ರ ಬರದಲ್ಲಿ, ಹಿಡಿದಿಟ್ಟುಕೊಳ್ಳಲು ನೀರಿಲ್ಲದೆ ತೊಂದರೆಪಟ್ಟಿತು. ನೀರು ಬಸಿಯುವ ಕೊಳವೆಗಳ ಬಾಯಿಗೆ ತಡೆ ಇಟ್ಟು ನೀರನ್ನು ನೆಲದಲ್ಲೇ ನಿಲ್ಲಿಸುವ ವಿಧಾನಗಳತ್ತ ಅಲ್ಲಿನವರು ಈಗ ಹೆಚ್ಚು ಗಮನ ಕೊಡುತ್ತಿದ್ದಾರೆ. ಬಸಿಗಾಲುವೆಯ ನೀರನ್ನು ಮತ್ತೆ ಬಳಸುವ ನಮ್ಮ ರೈತರ ರೂಢಿಯ ಬಗ್ಗೆ ಆಕೆ ಬರೆದ ಕೊನೆಯ ವರದಿಗೆ ಹತ್ತಕ್ಕೆ ಎಂಟು ಅಂಕ ಬಂತು. ಅಲ್ಲಿ ಎಂಟು ಎಂದರೆ ಒಳ್ಳೆಯ ಅಂಕ. ಒಂಬತ್ತು ಅಪರೂಪ, ಹತ್ತು ಬಹುಮಟ್ಟಿಗೆ ಯಾರಿಗೂ ಇಲ್ಲ.

ಮರಳಿದ ಮೇಲೆ

ಮರಳಿದ ಕೂಡಲೇ ಎದುರಾದದ್ದು ಈ ಅಂಕಗಳ ತೊಡಕೇ. ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲೂ ಹತ್ತರ ಮಾನದಂಡವೇ ಇದೆ; ಆದರೆ ಇಲ್ಲಿ ಎಂಟೂವರೆ, ಒಂಬತ್ತು ಸಾಮಾನ್ಯ. ಅಲ್ಲಿನ ಏಳು, ಎಂಟುಗಳನ್ನು ಯಥಾವತ್ತಾಗಿ ಇಲ್ಲಿನ ಪಟ್ಟಿಗೆ ಇಳಿಸಿದ್ದರಿಂದ ಆಕೆಯ ಸರಾಸರಿ ಕುಸಿಯಿತು. ಒಂದು ವಿಷಯಕ್ಕೆ ಇಲ್ಲಿ ಸಮಾನ ವಿಷಯವಿಲ್ಲವೆಂದು ಸಂಬಂಧಪಟ್ಟ ಕಚೇರಿ ಕ್ರೆಡಿಟ್ ಒಪ್ಪಲಿಲ್ಲ; ಅದನ್ನು ಜೂನಿಯರ್‌ಗಳೊಂದಿಗೆ ಕುಳಿತು ಮತ್ತೆ ಓದಬೇಕಾಯಿತು. ಹೆಚ್ಚು ದುಡಿದ ಸೆಮಿಸ್ಟರಿಗಾಗಿ ವಿದ್ಯಾರ್ಥಿ ದಂಡ ತೆರುವಂತಾಗುವುದು ಅನ್ಯಾಯ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ವಿದ್ಯಾರ್ಥಿ ಹೊರಡುವ ಮುನ್ನವೇ ಯಾವ ವಿಷಯಕ್ಕೆ ಯಾವುದು ಸಮ, ಅಲ್ಲಿನ ಯಾವ ಅಂಕಕ್ಕೆ ಇಲ್ಲಿ ಎಷ್ಟು ಎಂದು ಬರಹದಲ್ಲಿ ಒಪ್ಪಂದವಾಗಬೇಕು. ಇದಕ್ಕೆ ಹಣ ಬೇಡ, ಒಂದು ಸಭೆ ಸಾಕು.

ಬೇಸಿಗೆಯಲ್ಲಿ ತಾಯಿಯ ಜೊತೆ ತವರಿಗೆ ಹೋದಾಗ ಆಕೆ ಮಾವನನ್ನು ಮೊದಲ ಬಾರಿಗೆ ನೇರವಾಗಿ ಕೇಳಿದಳು: ಮಾವ, ನೀವು ಒಂದು ಬೆಳೆಗೆ ಭತ್ತ ಬಿಟ್ಟರೆ ಕೆಳಗಿನವರಿಗೆ ನೀರು ಸಿಗುವುದಿಲ್ಲವೇ? ಆತ ಸಿಟ್ಟಾಗಲಿಲ್ಲ. ಆತ ಕೊಟ್ಟ ಉತ್ತರವನ್ನು ಆಕೆ ತನ್ನ ಪ್ರಬಂಧದ ಟಿಪ್ಪಣಿ ಪುಸ್ತಕದಲ್ಲಿ ಹಾಗೆಯೇ ಬರೆದಿಟ್ಟಿದ್ದಾಳೆ: "ಯವ್ವಾ, ನಾ ಬಿಟ್ಟ ನೀರು ನಿಮ್ಮಪ್ಪನ ಹೊಲಕ್ಕ ಮುಟ್ಟತದಂತ ಗೊತ್ತಾದ್ರ ಇವತ್ತೇ ಬಿಡ್ತೀನಿ. ನಡುವ ಇದ್ದವರು ಕುಡ್ಕೊಂಡು ಹೋದ್ರ ನಾನೂ ಕೆಟ್ಟೆ, ನಿಮ್ಮಪ್ಪನೂ ಕೆಟ್ಟ." ಇಡೀ ಕಾಲುವೆಯ ಅರ್ಥಶಾಸ್ತ್ರ ಈ ಮಾತಿನಲ್ಲಿದೆ ಎಂದು ನನಗನ್ನಿಸುತ್ತದೆ. ಆತನಿಗೆ ದುರಾಸೆಯಿಲ್ಲ, ತಾನು ಬಿಟ್ಟ ನೀರು ಎಲ್ಲಿಗೆ ಹೋಯಿತೆಂದು ತಿಳಿಯುವ ದಾರಿಯಿಲ್ಲ.

ಆಕೆಯ ಪ್ರಬಂಧದ ವಿಷಯ ಅಲ್ಲಿಂದ ಹುಟ್ಟಿತು. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಂದ ತಿದ್ದುಪಡಿಯ ನಂತರ ರಚನೆಯಾದ ನೀರು ಬಳಕೆದಾರರ ಸಹಕಾರ ಸಂಘಗಳಲ್ಲಿ ಹಲವು ಹೆಸರಿಗೆ ಮಾತ್ರ ಇವೆ. ಆಕೆಯ ಊರಿನ ಉಪಕಾಲುವೆಯ ಸಂಘ ಮಾತ್ರ ವರ್ಷಕ್ಕೊಮ್ಮೆಯಾದರೂ ಸಭೆ ಸೇರುತ್ತಿತ್ತು. 2025ರ ಮುಂಗಾರಿನಲ್ಲಿ, ಗೇಟುಗಳು ದುರ್ಬಲವಾಗಿರುವ ಕಾರಣ ಜಲಾಶಯದಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸಲು ನಿರ್ಧಾರವಾಗಿದ್ದ ಆ ಹಂಗಾಮಿನಲ್ಲಿ, ಆಕೆ ಮತ್ತು ಊರಿನ ಕೆಲವು ಯುವಕರು ಉಪಕಾಲುವೆಯ ಮೂರು ಕಡೆ ಮಾಸಿಹೋಗಿದ್ದ ಗೇಜ್‌ಗಳಿಗೆ ಹೊಸದಾಗಿ ಬಣ್ಣ ಹಚ್ಚಿದರು. ಪ್ರತಿದಿನ ಬೆಳಿಗ್ಗೆ ಮೂರೂ ಕಡೆಯ ಮಟ್ಟವನ್ನು, ಓದಿದವರ ಹೆಸರಿನೊಂದಿಗೆ, ಸಂಘದ ಗೋಡೆಯ ಹಲಗೆಯ ಮೇಲೂ ವಾಟ್ಸಾಪ್ ಗುಂಪಿನಲ್ಲೂ ಬರೆದರು. ಮೇಲಿನ ಗೇಜನ್ನು ಕೆಳಗಿನ ಊರಿನವನೂ ಕೆಳಗಿನ ಗೇಜನ್ನು ಮೇಲಿನ ಊರಿನವನೂ ಓದಬೇಕೆಂಬ ನಿಯಮ ಆಕೆಯದೇ ಯೋಚನೆ. ಅದಕ್ಕೆ ಯಾವ ವಿಶ್ವವಿದ್ಯಾಲಯದ ಪಾಠವೂ ಆಧಾರವಲ್ಲ, ಮಾವನ ಮಾತೇ ಆಧಾರ.

ಫಲಿತಾಂಶವನ್ನು ಇದ್ದಷ್ಟೇ ಹೇಳಬೇಕು. ಕೊನೆಯ ಹೊಲಗಳಿಗೆ ಆ ಹಂಗಾಮಿನಲ್ಲೂ ನೀರು ಸಾಲಲಿಲ್ಲ. ಹೂಳು ತುಂಬಿ ಆಪು (ನೀರಿನಲ್ಲಿ ಬೆಳೆಯುವ ಜೊಂಡು) ಬೆಳೆದ ಜಾಗದಲ್ಲಿ ಗೇಜ್ ಎತ್ತರ ತೋರಿಸಿದರೂ ಹರಿವು ಕಡಿಮೆ ಇರುತ್ತದೆ. ಆದ್ದರಿಂದ ಮಟ್ಟದ ಸಂಖ್ಯೆ ಒಂದನ್ನೇ ನಂಬುವಂತಿರಲಿಲ್ಲ. ತೇಲುವ ಬೆಂಡನ್ನು ಅಳತೆ ಮಾಡಿದ ದೂರಕ್ಕೆ ಬಿಟ್ಟು, ಅದು ತಲುಪುವ ಸಮಯದಿಂದ ಮೇಲ್ಮೈ ವೇಗ ಕಂಡುಹಿಡಿದು, ಅದನ್ನು ಸುಮಾರು 0.85ರಿಂದ ಗುಣಿಸಿ, ಕಾಲುವೆಯ ಅಡ್ಡಕೊಯ್ತದ ವಿಸ್ತೀರ್ಣದೊಂದಿಗೆ ಲೆಕ್ಕ ಹಾಕುವ ಹಳೆಯ ವಿಧಾನವನ್ನು ಆಕೆ ಯುವಕರಿಗೆ ಕಲಿಸಿದಳು. ಬದಲಾದದ್ದು ಜಗಳದ ರೀತಿ. ನೀರು ಬಂದಿಲ್ಲ ಎಂಬ ಕೂಗಿನ ಬದಲು, ಎರಡನೇ ಗೇಜಿನಿಂದ ಮೂರನೆಯದಕ್ಕೆ ಬರುವಷ್ಟರಲ್ಲಿ ಮೂರನೇ ಒಂದು ಭಾಗ ಕಾಣೆಯಾಗಿದೆ, ಆ ನಡುವಿನ ತೂಬುಗಳನ್ನು ನೋಡೋಣ ಬನ್ನಿ ಎಂಬ ಮಾತು ಸಂಘದ ಸಭೆಯಲ್ಲಿ ಬಂತು. ಆ ನಡುವೆ ಕಾಲುವೆಯ ಒಳಮೈಯ ಲೈನಿಂಗ್ ಒಂದು ಕಡೆ ಒಡೆದಿತ್ತು, ಪಂಪ್‌ಸೆಟ್ಟುಗಳೂ ಇದ್ದವು. ಲೈನಿಂಗ್ ರಿಪೇರಿಗೆ ಸಂಘ ಮನವಿ ಕೊಟ್ಟಿತು. ಪಂಪ್‌ಸೆಟ್ಟುಗಳ ವಿಷಯ ಬಗೆಹರಿದಿಲ್ಲ. ಅವುಗಳಲ್ಲಿ ಒಂದು ಸಂಘದ ನಿರ್ದೇಶಕರೊಬ್ಬರ ಸಂಬಂಧಿಕರದು.

ಮೌಲ್ಯಮಾಪನ

ಇದನ್ನೆಲ್ಲ ಇಲ್ಲಿಯೇ ಕಲಿಯಬಹುದಿತ್ತಲ್ಲ, ಗೇಜಿಗೆ ಬಣ್ಣ ಹಚ್ಚಲು ಯುರೋಪಿಗೆ ಹೋಗಬೇಕೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಗಂಭೀರವಾಗಿ ಉತ್ತರಿಸಬೇಕಾದ ಪ್ರಶ್ನೆ ಅದು. ಬೆಂಡಿನ ವಿಧಾನ ನಮ್ಮ ಪಠ್ಯದಲ್ಲೇ ಇದೆ, ಗಂಗಾವತಿಯ ಕೇಂದ್ರ ನಮ್ಮ ಬಳಿಯೇ ಇದೆ, ಸಂಘದ ಸಭೆಗೆ ಹೋಗಿ ಕೂರಲು ಯಾರೂ ತಡೆದಿರಲಿಲ್ಲ. ಆದರೆ ಊರಿನ ಸಭೆಯಲ್ಲಿ ಆಕೆ ಯಾರದೋ ಮಗಳು, ಯಾರದೋ ಸೊಸೆಯಾಗಬೇಕಾದವಳು. ಅಲ್ಲಿ ಕೇಳುವ ಪ್ರಶ್ನೆ ಮನೆತನದ ಪ್ರಶ್ನೆಯಾಗುತ್ತದೆ. ತನಗೆ ಯಾವ ಸಂಬಂಧವೂ ಇಲ್ಲದ ಜನರ ನೀರಿನ ಜಗಳವನ್ನು ದೂರದಲ್ಲಿ ಕುಳಿತು ಕೇಳಿದಾಗ, ಜಗಳದ ರಚನೆ ಹೇಗಿರುತ್ತದೆಂಬುದು ಆಕೆಗೆ ಕಂಡಿತು. ಆ ದೂರವನ್ನು ಕೊಟ್ಟಿದ್ದು ಸೆಮಿಸ್ಟರ್. ಬೇರೆ ಜಿಲ್ಲೆಗೆ, ಬೇರೆ ರಾಜ್ಯಕ್ಕೆ ಕಳಿಸಿದರೂ ಅಂತಹ ದೂರ ಸ್ವಲ್ಪಮಟ್ಟಿಗೆ ಸಿಕ್ಕೀತು. ವೆಚ್ಚದ ದೃಷ್ಟಿಯಿಂದ ನಮ್ಮ ಕಾಲೇಜುಗಳು ಅದನ್ನೂ ಯೋಚಿಸಬೇಕು. ಎಂಟು ಶತಮಾನಗಳ ರೂಢಿ ಮತ್ತು ತೆರಿಗೆಯ ಬಲ ಇರುವ ಮಂಡಳಿಯನ್ನು ನೀರಿನ ಕರವೂ ಸರಿಯಾಗಿ ವಸೂಲಾಗದ ನಮ್ಮ ಸಂಘಗಳ ಮೇಲೆ ಹೊದಿಸಲಾಗದು ಎಂಬುದನ್ನು ಆಕೆಯೇ ತನ್ನ ಪ್ರಬಂಧದಲ್ಲಿ ಬರೆದಿದ್ದಾಳೆ.

ಇನ್ನೊಂದು ಕಾರಣವೂ ಈ ಫಲದ ಹಿಂದೆ ಇದೆ. ಆಕೆ ಪ್ರಶ್ನೆಯೊಂದನ್ನು ಹೊತ್ತು ಹೋದಳು. ಅಂತಹ ಪ್ರಶ್ನೆಯಿಲ್ಲದೆ ಹೋಗಿ, ಒಳ್ಳೆಯ ಅಂಕ ತಂದು, ಬಂದ ಮೇಲೆ ಅಲ್ಲಿನ ರಸ್ತೆಗಳ ಬಗ್ಗೆ ಮಾತ್ರ ಮಾತನಾಡಿದವರನ್ನೂ ನಾನು ಕಂಡಿದ್ದೇನೆ. ತಪ್ಪು ಅವರದಲ್ಲ, ಕಳಿಸಿದ ನಮ್ಮಂತಹ ವ್ಯವಸ್ಥೆಗಳದು. ಈಗ ನಮ್ಮ ವಿಭಾಗದಿಂದ ವಿನಿಮಯಕ್ಕೆ ಅರ್ಜಿ ಹಾಕುವ ಪ್ರತಿಯೊಬ್ಬರೂ ಆ ಒಂದು ಪುಟದ ಟಿಪ್ಪಣಿ ಬರೆಯುತ್ತಾರೆ. ಆದರೂ ಸಾಲ ಎತ್ತಲು ತಾಯಿಯ ಮೈಮೇಲೆ ಬಂಗಾರವೇ ಇಲ್ಲದ ಮನೆಗಳ ಮಕ್ಕಳು ಆ ಹಂತದವರೆಗೂ ಬರುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಸೀಟು ಮತ್ತು ನೌಕರಿಗಳಲ್ಲಿ ಮೀಸಲಾತಿ ಬಂದಿದೆ. ಇಂತಹ ಸೆಮಿಸ್ಟರಿನ ಜೀವನ ವೆಚ್ಚಕ್ಕೆ ಈ ಭಾಗದ ಬಡ ಮಕ್ಕಳಿಗೆ ಪೂರ್ಣ ನೆರವು ಸಿಗುವ ವ್ಯವಸ್ಥೆಯೂ ಬೇಕು.

ಜಲಾಶಯದ ಎಲ್ಲ ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ 2025ರ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾದಾಗ ಆಕೆಯ ಅಳತೆಗಳೂ ನಿಂತವು. ಒಣಗಿದ ಉಪಕಾಲುವೆಗೆ ಇಳಿದು, ಮೂರೂ ಗೇಜ್‌ಗಳ ಬಳಿ ತಳದ ಹೂಳಿನ ಆಳವನ್ನು ಮತ್ತು ಅಡ್ಡಕೊಯ್ತವನ್ನು ಅಳೆಯುವುದು ಮುಂದಿನ ಕೆಲಸವೆಂದು ಆಕೆ ಮತ್ತು ಯುವಕರು ಗೊತ್ತು ಮಾಡಿಕೊಂಡರು. ಮುಂದಿನ ಹಂಗಾಮಿನಲ್ಲಿ ಮಟ್ಟದಿಂದ ನೇರವಾಗಿ ಹರಿವನ್ನು ಓದುವ ಕೋಷ್ಟಕ ತಯಾರಾಗಬೇಕಾದರೆ ಅದು ಬೇಕು. ನಡುವಿನ ಊರುಗಳಿಂದಲೂ ಒಬ್ಬೊಬ್ಬರು ಬಂದು ಟೇಪು ಹಿಡಿಯಬೇಕೆಂದು ಸಂಘ ಹೇಳಿ ಕಳಿಸಿತು. ಒಂದು ಊರಿನವರು ಒಪ್ಪಿದ್ದಾರೆ, ಇನ್ನೊಂದು ಊರಿನವರು ಇನ್ನೂ ಉತ್ತರ ಕೊಟ್ಟಿಲ್ಲ.